ಬಯಲಲ್ಲಿ ಮದುವೆ, ನಮ್ಮವರ ಕೈಯಿಂದಲೇ

ಜಾಗವನ್ನು ಮದುವೆ ನಡೆಯುವ ಹೊತ್ತಿಗೇ ಹೋಗಿ ನೋಡಿ. ಬೆಳಿಗ್ಗೆ ತಂಪಾಗಿದ್ದ ಮರದಡಿ ಸಂಜೆ ಹೊತ್ತಿಗೆ ಬಿಸಿಲು ಸೀದಾ ಕಣ್ಣಿಗೆ ಹೊಡೆಯಬಹುದು. ಕುರ್ಚಿ ಹಾಕುವ ಕಡೆ ಸ್ವಲ್ಪ ಹೊತ್ತು ಕೂತು, ಬಿಸಿಲು ಜನರ ಬೆನ್ನಿಗೋ ಪಕ್ಕಕ್ಕೋ ಬೀಳುವ ಹಾಗೆ ಸಾಲು ತಿರುಗಿಸಿ. ಶೌಚಾಲಯ, ಕುಡಿಯುವ ನೀರು, ಕರೆಂಟು, ಗಾಡಿ ನಿಲ್ಲಿಸುವ ಜಾಗ ಇಲ್ಲದಿದ್ದರೆ ಬೇರೆ ಜಾಗ ಹುಡುಕಿ.

ಮಳೆಗೆ ಸೂರಿರುವ ಇನ್ನೊಂದು ಜಾಗ ಮೊದಲೇ ಗೊತ್ತು ಮಾಡಿಡಿ. ಎಲ್ಲಿ ನಡೆಸುವುದು ಅಂತ ಕೊನೆಗೆ ಹೇಳುವವರು ಒಬ್ಬರೇ ಇರಲಿ, ಅದು ಮದುಮಕ್ಕಳಂತೂ ಬೇಡ. ಗಾಳಿಯನ್ನು ಜಾಸ್ತಿ ಜನ ಮರೆತುಬಿಡುತ್ತಾರೆ. ಮೇಜಿನ ಬಟ್ಟೆಯ ನಾಲ್ಕೂ ಮೂಲೆಗೆ ಒಳಗಡೆಯಿಂದ ಸಣ್ಣ ಕಲ್ಲು ಕಟ್ಟಿ, ಮೈಕಿಗೆ ಸ್ಪಂಜಿನ ಟೋಪಿ ಹಾಕಿ, ಇಲ್ಲದಿದ್ದರೆ ಮಾತಿಗಿಂತ ಗಾಳಿಯ ಸದ್ದೇ ಜೋರಾಗಿ ಕೇಳುತ್ತೆ.

ಮನೆಯವರೇ ಅಡುಗೆ ಮಾಡ್ತೀರಾ? ಬಹಳ ಒಳ್ಳೆಯದು, ಆ ರುಚಿಯೇ ಬೇರೆ. ಆದರೆ ಬೇಗ ಕೆಡುವ ತಿನಿಸು ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು, ಬಿಸಿಲು 32 ಡಿಗ್ರಿ ದಾಟಿದರೆ 1 ಗಂಟೆಯೇ ಮಿತಿ. ಎಲ್ಲವನ್ನೂ ಒಟ್ಟಿಗೆ ಹೊರಗಿಡದೆ ಸ್ವಲ್ಪ ಸ್ವಲ್ಪ ತಂದು ಬಡಿಸಿ.

"ಏನಾದ್ರೂ ಮಾಡ್ಲಾ?" ಅಂತ ಕೇಳುವ ಸ್ನೇಹಿತರಿಗೆ "ನೋಡೋಣ" ಅನ್ನಬೇಡಿ. ಒಬ್ಬರಿಗೆ ಒಂದೇ ಕೆಲಸ, ಹೆಸರಿನ ಸಮೇತ ಬರೆದುಕೊಡಿ: ಹೂವು ನಿನ್ನದು, ದೀಪ ನಿನ್ನದು. ಕಸ ಎತ್ತಿ ಕುರ್ಚಿ ವಾಪಸ್ ಕೊಡುವವರನ್ನೂ ಈಗಲೇ ಗೊತ್ತು ಮಾಡಿ, ಆ ಗುಂಪಿಗೆ ಊಟ ಮೊದಲೇ ಹಾಕಿಬಿಡಿ.