ಅಗಲ ಬಿಡಿ, ಎತ್ತರ ನೋಡಿ: ಡೊಂಬಿವಲಿಯ ನನ್ನ ಫ್ರೆಟ್ ಅನುಭವ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಗಿಟಾರ್ ರಿಪೇರಿ ಮಾಡುವವನು ನಾನು. ಫ್ರೆಟ್ ಅಂದರೆ ಗಿಟಾರಿನ ಕುತ್ತಿಗೆಯ (ನೆಕ್) ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿ. ಎತ್ತರ ಜಾಸ್ತಿ, ಅಗಲ ಕಡಿಮೆ ಇರುವ ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ ಹಾಕಿಕೊಟ್ಟ ಗಿಟಾರ್‌ಗಳು ಈಗ ಎರಡು ಮೂರು ಗಣಪತಿ ಸೀಸನ್ ದಾಟಿವೆ. ಆರ್ಕೆಸ್ಟ್ರಾದವರ ಕೈ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಆದರೂ ಒಂದು ಫ್ರೆಟ್ಟಿನಲ್ಲೂ ತಂತಿಯ ಗುಳಿ ಬಿದ್ದಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಶುರುವಿನಲ್ಲಿ ಇಂಥ ಫ್ರೆಟ್ಟೇ ಒಳ್ಳೆಯದು ಅಂತ ಹೇಳಿದಾಗ ನಮ್ಮವರಲ್ಲಿ ಯಾರೂ ಒಪ್ಪಲಿಲ್ಲ. "ಸ್ಟೀಲ್ ಮೇಲೆ ಸ್ಟೀಲ್ ತಿಕ್ಕಿದ್ರೆ ತಂತಿ ತುಂಡಾಗ್ತದೆ ಮಾರಾಯ, ನಿನಗೆ ಬೇರೆ ಕೆಲಸ ಇಲ್ವಾ?" ಅಂದವರು ಒಬ್ಬರು ಹಿರಿಯ ಬೇಸ್ ವಾದಕರು. ಅವರದೇ ಬೇಸ್ ಹೋದ ತಿಂಗಳು ನನ್ನ ಮೇಜಿನ ಮೇಲಿತ್ತು.

ನಮ್ಮಲ್ಲಿ ಎಲ್ಲರೂ ಬಂದು ಕೇಳುವುದು ಒಂದೇ ಮಾತು. "ಜಂಬೋ ಹಾಕಿಕೊಡಿ." ಯಾವ ಜಂಬೋ? ಡನ್‌ಲಪ್ ಕಂಪನಿಯ 6130 ನಂಬರಿನ ಫ್ರೆಟ್, ಅಂದರೆ ಮೀಡಿಯಮ್ ಜಂಬೋ ತಗೊಳ್ಳಿ. ಅಗಲ 2.69 ಮಿ.ಮೀ., ಎತ್ತರ ಬರೀ 0.91. ಅದೇ 6105 ಅಗಲದಲ್ಲಿ ಸಣ್ಣದು, 2.29. ಆದರೆ ಎತ್ತರ 1.40. ಹಳೇ ಫೆಂಡರ್ ನಮೂನೆಯ 6230 ಕೂಡ 1.09 ಇದೆ, ಅಂದರೆ ಮೀಡಿಯಮ್ ಜಂಬೋಗಿಂತ ಎತ್ತರ! ಹೆಸರು ನೋಡಿ ಫ್ರೆಟ್ ಹಾಕಿಸಿಕೊಂಡವರು ತಂತಿ ಎಳೆಯುವಾಗ ಬೆರಳು ಜಾರುತ್ತದೆ ಅಂತ ವಾಪಸ್ ಬರುವುದು ಇದಕ್ಕೇ. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಬೇಡಿ. ಬೆರಳಿಗೆ ಅದು ಬೇರೆಯೇ ಗಿಟಾರ್.

ವೀಣೆ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಮೇಣದ ಮೇಲೆ ಕೂರಿಸಿದ 24 ಹಿತ್ತಾಳೆ ಮೆಟ್ಟಿಲುಗಳು ಎಷ್ಟು ಎತ್ತರ ಇರುತ್ತವೆ ಅಂದರೆ ಬೆರಳು ಮರವನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಒಂದೇ ಮೆಟ್ಟಿಲಿನ ಮೇಲೆ ಎರಡು ಮೂರು ಸ್ವರ ಎಳೆಯಬಹುದು. ಗಿಟಾರ್‌ನಲ್ಲೂ ಅಷ್ಟೇ. ಬೆರಳಿನ ತುದಿ ಫ್ರೆಟ್ ಕೆಳಗಿನ ರೋಸ್‌ವುಡ್ ಬೋರ್ಡಿನ ಮೇಲೆ ಉಜ್ಜಿಕೊಂಡು ಹೋದರೆ ಅರ್ಧ ಶಕ್ತಿ ಅಲ್ಲೇ ಹೋಗುತ್ತದೆ. ಎತ್ತರದ ಫ್ರೆಟ್ ಇದ್ದರೆ ಬೆರಳು ತಂತಿಯ ಪಕ್ಕಕ್ಕೆ, ಸ್ವಲ್ಪ ಅಡಿಗೂ ಸಿಗುತ್ತದೆ. ನಮ್ಮ ಹುಡುಗರು ದಿನಾ ಬಾರಿಸುವುದು ಮೀಂಡ್, ಗಮಕ ತುಂಬಿದ ಹಾಡುಗಳೇ ತಾನೇ.

ಅಗಲದ ವಿಷಯಕ್ಕೆ ಒಂದು ತಮಾಷೆ ಮಾಡಿದೆ. ಒಂದು ಹಳೇ ನೆಕ್‌ನಲ್ಲಿ ಹನ್ನೆರಡನೇ ಫ್ರೆಟ್‌ವರೆಗೆ 6100, ಮೇಲೆಲ್ಲಾ 6105 ಹಾಕಿದೆ. ಎರಡರ ಎತ್ತರವೂ 1.40. ಅಗಲ ಮಾತ್ರ ಬೇರೆ, 2.79 ಮತ್ತು 2.29. ಮನೆಗೆ ಬಂದವರಿಗೆಲ್ಲ ಏನೂ ಹೇಳದೆ ಕೊಟ್ಟೆ. ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ. ಕಂಡುಹಿಡಿದವರು ಒಬ್ಬಿಬ್ಬರು, ಅದೂ ಕಣ್ಣಿಂದ ನೋಡಿ. ಹದಿನೇಳರ ಮೇಲೆ ಮಾತ್ರ ವ್ಯತ್ಯಾಸ ಇದೆ. ಅಲ್ಲಿ ಎರಡು ಫ್ರೆಟ್ ನಡುವೆ ಜಾಗವೇ ಇಲ್ಲ, ದಪ್ಪ ಬೆರಳಿನವರಿಗೆ ಅಗಲ ಕಡಿಮೆ ಇದ್ದಷ್ಟೂ ಒಳ್ಳೆಯದು. ಈ ನೆಕ್ ಈಗಲೂ ಗೋಡೆಯ ಮೇಲಿದೆ. ವಾದ ಮಾಡುವವರಿಗೆ ಮೊದಲು ಅದನ್ನೇ ಕೊಡುತ್ತೇನೆ.

ಸ್ಟೀಲ್ ಯಾಕೆ ಅಂದರೆ, ಮುಂಬೈ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಮೇಲೆ ಪೆಂಡಾಲಿನ ಬೆವರು. ನಿಕಲ್ ಸಿಲ್ವರ್ ಫ್ರೆಟ್ ಒಂದು ತಿಂಗಳು ಮುಟ್ಟದಿದ್ದರೆ ಮಂಕಾಗಿ, ತಂತಿ ಎಳೆದಾಗ ಗರಗರ ಅನ್ನುತ್ತದೆ. ದಿನಾ ಬಾರಿಸಿದರೆ ಸವೆಯುತ್ತದೆ. ಮೊದಲ ಮೂರು ಫ್ರೆಟ್‌ಗಳಲ್ಲಿ ವರ್ಷದೊಳಗೆ ಗುಳಿ ಬಿದ್ದದ್ದನ್ನು ನಾನು ನೋಡಿದ್ದೇನೆ. ಸ್ಟೀಲ್ ಹಾಗಲ್ಲ. ಆದರೆ ಅದು ಮೊದಲು ತಿನ್ನುವುದು ನಮ್ಮ ಹತಾರಗಳನ್ನು.

ನಾಗದೇವಿ ಸ್ಟ್ರೀಟ್‌ನಿಂದ ತಂದ ಕಟ್ಟರ್ ಸುಮಾರು 600 ರೂಪಾಯಿಯದು. ಮೂರನೇ ತುಂಡಿಗೇ ಬಾಯಿ ಹಲ್ಲು ಬಿಟ್ಟಿತು. ತುಂಡು ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು. ಇನ್ನೊಂದು ತಂದೆ, ಅದೂ ಹೋಯಿತು. ಕೊನೆಗೆ ಸಣ್ಣ ಗ್ರೈಂಡರಿಗೆ ಕಟಿಂಗ್ ಡಿಸ್ಕ್ ಹಾಕಿ ಕತ್ತರಿಸುವ ಅಭ್ಯಾಸವಾಯಿತು. ಕನ್ನಡಕ ಇಲ್ಲದೆ ಯಾರೂ ಕೂರಬೇಡಿ. ಫ್ರೆಟ್ಟಿನ ತಲೆ ಉರುಟು ಮಾಡುವ ಸಾದಾ ಅರ (ಕ್ರೌನಿಂಗ್ ಫೈಲ್) ಸ್ಟೀಲ್ ಮೇಲೆ ಜಾರುತ್ತದೆ ಅಷ್ಟೇ. ಡೈಮಂಡ್ ಫೈಲ್ ತರಿಸಿದ್ದಕ್ಕೆ ಕಸ್ಟಮ್ಸ್ ಸೇರಿ ಏಳು ಸಾವಿರದ ಹತ್ತಿರ ಆಯಿತು. ಜೆಸ್ಕಾರ್‌ನ 55090 (ಅದು 6105ರ ಅಳತೆಯದೇ) ಸ್ಟೀಲ್ ಫ್ರೆಟ್ ವೈರ್ ತರಿಸಲು ಹೇಳಿದ್ದೆ. ಒಂದು ಅಂಗಡಿಯವರು ಒಮ್ಮೆ ಬೇರೆಯೇ ಅಳತೆಯ ಸುರುಳಿ ಕಳಿಸಿ, ಬಿಚ್ಚಿದ ಮೇಲೆ ವಾಪಸ್ ತಗೊಳ್ಳಲ್ಲ ಅಂದರು. ಮೂರು ಸಾವಿರ ಅಲ್ಲಿ ಹೋಯಿತು. ಹಾಳಾದ ಎರಡು ನೆಕ್‌ಗಳನ್ನೂ ಸೇರಿಸಿದರೆ ಒಂದು ರೂಪಾಯಿ ಒಳಗೆ ಬರುವ ಮೊದಲು ನಲವತ್ತು ಸಾವಿರದ ಆಸುಪಾಸು ಖರ್ಚಾಗಿತ್ತು. ಹೆಂಡತಿಗೆ ಹೇಳಿದ್ದು ಇಪ್ಪತ್ತು.

ನೆಕ್ ಹಾಳಾದದ್ದು ಸ್ಲಾಟ್‌ನಲ್ಲಿ, ಅಂದರೆ ಫ್ರೆಟ್ ಕೂರುವ ಸೀಳಿನಲ್ಲಿ. ಸ್ಲಾಟ್ ಅಗಲ ಸಾಮಾನ್ಯವಾಗಿ 0.58 ಮಿ.ಮೀ. ಇರುತ್ತದೆ. ಹಳೇ ಫ್ರೆಟ್ ಎಳೆಯುವಾಗ ಸೋಲ್ಡರಿಂಗ್ ಐರನ್‌ನಿಂದ ಸರಿಯಾಗಿ ಕಾಯಿಸದಿದ್ದರೆ ರೋಸ್‌ವುಡ್ ಚಕ್ಕೆ ಎದ್ದು ಬರುತ್ತದೆ. ಸ್ಟೀಲ್ ಸ್ಪ್ರಿಂಗ್‌ನಂತೆ ವಾಪಸ್ ನಿಲ್ಲುವ ಲೋಹ. ಬೋರ್ಡಿನ ಬಾಗಿಗಿಂತ ಜಾಸ್ತಿ ಬಗ್ಗಿಸಿ ಕೂರಿಸದಿದ್ದರೆ ರಾತ್ರಿಯಲ್ಲಿ ತುದಿ ಮೇಲೇಳುತ್ತದೆ. ಎಷ್ಟು ಜಾಸ್ತಿ ಬಗ್ಗಿಸಬೇಕು ಅನ್ನುವುದನ್ನು ಬರೆಯುವುದಿಲ್ಲ. ಎರಡು ನೆಕ್ ಕೊಟ್ಟು ಕಲಿತದ್ದು ಅದು, ಪುಕ್ಕಟೆ ಯಾಕೆ ಕೊಡಲಿ?

ನಿಜವಾದ ಕೆಲಸ ಇರುವುದು ತಲೆಯ ಆಕಾರದಲ್ಲಿ. ಎಲ್ಲ ಫ್ರೆಟ್‌ಗಳನ್ನೂ ಒಂದೇ ಮಟ್ಟಕ್ಕೆ ಉಜ್ಜಿ ಲೆವೆಲ್ ಮಾಡಿದ ಮೇಲೆ ಪ್ರತಿ ಫ್ರೆಟ್ಟಿನ ತಲೆ ಚಪ್ಪಟೆಯಾಗಿರುತ್ತದೆ. ಅದನ್ನು ಹಾಗೇ ಬಿಟ್ಟರೆ ತಂತಿ ಬಿಡುವ ಜಾಗ ಬ್ರಿಡ್ಜ್ (ಕುದುರೆ) ಕಡೆಯ ಅಂಚಿಗೆ ಸರಿಯುತ್ತದೆ, ಸ್ವರ ಮೇಲಾಗುತ್ತದೆ. ಜೊತೆಗೆ ಝಿಂಯ್ ಅನ್ನುವ ಸದ್ದು. ಸಿತಾರ್‌ನಲ್ಲಿ ಅಗಲವಾದ ಬ್ರಿಡ್ಜ್‌ನಿಂದ ಜವಾರಿ ಅನ್ನುವ ಝೇಂಕಾರ ಬರುವುದೂ ಇದೇ ಕಾರಣಕ್ಕೆ. ಅಲ್ಲಿ ಅದು ಬೇಕು, ಇಲ್ಲಿ ಬೇಡ. ಅಗಲದ ಫ್ರೆಟ್ಟಿನಲ್ಲಿ ಈ ತಪ್ಪು ಜಾಸ್ತಿ ಕೇಳಿಸುತ್ತದೆ. ಅದೂ ನಾನು 6105 ಅಳತೆಗೆ ಅಂಟಿಕೊಂಡದ್ದಕ್ಕೆ ಒಂದು ಕಾರಣ.

ತಲೆಗೆ ಕಪ್ಪು ಮಾರ್ಕರ್ ಬಳಿದು ಫೈಲ್ ಹಿಡಿಯುತ್ತೇನೆ. ಎರಡು ಪಕ್ಕದಿಂದ ಕಪ್ಪು ಹೋಗುತ್ತಾ ಬಂದು, ನಟ್ಟನಡುವೆ ಕೂದಲೆಳೆಯಷ್ಟು ಗೆರೆ ಉಳಿಯಬೇಕು. ಆ ಗೆರೆ ಪೂರ್ತಿ ಅಳಿಸಿದರೆ ಎತ್ತರ ಹೋಯಿತು, ಮತ್ತೆ ಮೊದಲಿಂದ ಲೆವೆಲ್. ಗೆರೆ ಒಂದು ಪಕ್ಕಕ್ಕೆ ವಾಲಿದರೆ ಆ ಫ್ರೆಟ್ ಒಂದೇ ಬೇಸೂರು. ಸ್ಟೀಲ್‌ನಲ್ಲಿ ಒಂದು ಫ್ರೆಟ್ಟಿಗೆ ಐದಾರು ನಿಮಿಷ ಬೇಕು. ಆಮೇಲೆ 400, 600, 1000 ನಂಬರ್ ಕಾಗದ. ಕೊನೆಯ ಹೊಳಪಿಗೆ ಬಳಸುವ ಪೇಸ್ಟ್ ಯಾವುದು ಅಂತ ಕೇಳಬೇಡಿ, ಅದು ಗಿಟಾರ್ ಅಂಗಡಿಯಲ್ಲಿ ಸಿಗುವುದಿಲ್ಲ.

"ಎತ್ತರದ ಫ್ರೆಟ್ ಹಾಕಿದ್ರೆ ಕಾರ್ಡ್ ಬೇಸೂರಾಗುತ್ತೆ" ಅನ್ನುವ ಆಕ್ಷೇಪಣೆ ಸುಳ್ಳಲ್ಲ. ಗಟ್ಟಿಯಾಗಿ ಒತ್ತಿದರೆ ತಂತಿ ಮರದ ಕಡೆಗೆ ಬಾಗಿ ಬಿಗಿಯಾಗುತ್ತದೆ. 009 (0.009 ಇಂಚು ದಪ್ಪದ) ತಂತಿ ಹಾಕಿ ಟ್ಯೂನರ್ ಇಟ್ಟು ನೋಡಿದೆ. ಭಾರದ ಕೈಯಲ್ಲಿ ಮೊದಲೆರಡು ಫ್ರೆಟ್‌ಗಳಲ್ಲಿ ಹತ್ತು ಸೆಂಟ್ಸ್ (ಅರ್ಧ ಸ್ವರದ ಹತ್ತನೇ ಒಂದು ಪಾಲು) ಹತ್ತಿರ ಏರಿತು. ಆದರೆ ಅದರಲ್ಲಿ ದೊಡ್ಡ ಪಾಲು ನಟ್‌ನದು, ಅಂದರೆ ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿಯದು. ಕಾರ್ಖಾನೆಯಿಂದ ಬರುವ ನಟ್ ಸ್ಲಾಟ್‌ಗಳು ಯಾವಾಗಲೂ ಎತ್ತರ. ಅದನ್ನು ಇಳಿಸಿ, 010 ತಂತಿ ಹಾಕಿದ ಮೇಲೆ ದೂರು ನಿಂತಿತು. ಆದರೂ ಒಂದು ವಾರ ಕೈ ಹಗುರ ಮಾಡಿಕೊಳ್ಳಬೇಕು. ಅದಕ್ಕೂ ಒಪ್ಪದವರಿಗೆ ನಾನೇ ಗಿಡ್ಡ ಫ್ರೆಟ್ ಹಾಕಿಕೊಡುತ್ತೇನೆ. ಗಿಬ್ಸನ್ 1954ರಲ್ಲಿ ಲೆಸ್ ಪಾಲ್ ಕಸ್ಟಮ್ ತಂದಾಗ ಅದರ ಗಿಡ್ಡ ಫ್ರೆಟ್‌ಗೇ 'ಫ್ರೆಟ್‌ಲೆಸ್ ವಂಡರ್' ಅಂತ ಹೆಸರು ಬಂದಿತ್ತು. ಜಾಝ್ ಕಾರ್ಡ್ ಜಾರಿಸುವವರಿಗೆ ಅದೇ ಸುಖ.

ನಡುವೆ ಸ್ಕ್ಯಾಲಪ್ (ಬೋರ್ಡಿನ ಮರ ತೋಡುವ) ಹುಚ್ಚೂ ಹಿಡಿದಿತ್ತು. ಭಾರತೀಯ ಸಂಗೀತ, ಜಾಝ್ ಬೆರೆಸಿದ ಶಕ್ತಿ ತಂಡದ ದಿನಗಳಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರ ಗಿಟಾರ್ ಸ್ಕ್ಯಾಲಪ್ ಮಾಡಿದ್ದೇ. ಹನ್ನೆರಡರ ಮೇಲೆ ಫ್ರೆಟ್‌ಗಳ ನಡುವಿನ ಮರವನ್ನು ಅರ್ಧ ಉರುಟು ಅರದಿಂದ ಕೆತ್ತಿದೆ. ಗಮಕಕ್ಕೆ ಸೊಗಸು, ಸುಳ್ಳು ಹೇಳಲ್ಲ. ಆದರೆ ಕೆತ್ತಿದ ಮರ ವಾಪಸ್ ಬರುವುದಿಲ್ಲ, ಆ ಗಿಟಾರ್ ಮಾರಲು ಹೋದರೆ ಅರ್ಧ ಬೆಲೆ. 1.40ರ ಫ್ರೆಟ್ಟಿನಲ್ಲಿ ಅದರ ಮುಕ್ಕಾಲು ಪಾಲು ಸುಖ ಸಿಗುತ್ತದೆ. ಬೇಡವಾದರೆ ಕಿತ್ತು ಬೇರೆ ಹಾಕಬಹುದು.

ಎತ್ತರಕ್ಕೆ ಇನ್ನೊಂದು ಲಾಭವಿದೆ, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹಳೇ ಫೆಂಡರ್ ಮಾದರಿಯ 7.25 ಇಂಚು ತ್ರಿಜ್ಯದ ಉರುಟು ಬೋರ್ಡಿನಲ್ಲಿ ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಇಳಿಸಿ ಮೇಲಿನ ಸ್ವರ ಎಳೆದರೆ ತಂತಿ ಮುಂದಿನ ಫ್ರೆಟ್ಟಿಗೆ ತಾಗಿ ಸತ್ತುಹೋಗುತ್ತದೆ. ಫ್ರೆಟ್ ಎತ್ತರ ಇದ್ದರೆ ಹನ್ನೆರಡರ ಮೇಲಿನ ತಲೆಗಳನ್ನಷ್ಟೇ ಸ್ವಲ್ಪ ಸಪಾಟಾಗಿ ಲೆವೆಲ್ ಮಾಡಬಹುದು, ಮರ ಮುಟ್ಟುವುದೇ ಬೇಡ. 0.91ರ ಫ್ರೆಟ್ಟಿನಲ್ಲಿ ಈ ಆಟ ಆಡಲು ಲೋಹವೇ ಸಾಲದು.

ಸದ್ಯ ಪೂರ್ತಿ ಸ್ಟೀಲ್ ರೀಫ್ರೆಟ್‌ಗೆ ನಟ್ ಸೇರಿ ಹದಿಮೂರು ಹದಿನಾಲ್ಕು ಸಾವಿರ ತಗೊಳ್ಳುತ್ತೇನೆ. ಮಳೆಗಾಲದಲ್ಲಿ ಮರ ಉಬ್ಬಿರುತ್ತದೆ, ಚಳಿಗಾಲದಲ್ಲಿ ಕುಗ್ಗಿದಾಗ ಫ್ರೆಟ್ ತುದಿ ಹೊರಬಂದು ಕೈ ಗೀರುತ್ತದೆ. ಅಂಥವರು ಜನವರಿಯಲ್ಲಿ ಒಮ್ಮೆ ತನ್ನಿ, ತುದಿ ಉಜ್ಜಿಕೊಡುತ್ತೇನೆ. ಅದಕ್ಕೆ ದುಡ್ಡಿಲ್ಲ. ಗಣಪತಿಗೆ ಬೇಕಾದವರು ಮಾತ್ರ ಮೇ ತಿಂಗಳೊಳಗೆ ಕೊಟ್ಟುಬಿಡಿ. ಆಗಸ್ಟ್‌ನಲ್ಲಿ ಓಡಿ ಬಂದರೆ ಲೆವೆಲ್ ಮಾಡಿಕೊಡಬಲ್ಲೆ, ರೀಫ್ರೆಟ್ ಆಗಲ್ಲ.