ಸಣ್ಣ ಕೈಗಳಿಗೆ ಒಗ್ಗುವ ಹಾಲೋ ಬಾಡಿ ಗಿಟಾರನ್ನು ಆರಿಸುವ ಬಗೆ

ಒಡಲು ಪೊಳ್ಳಾಗಿರುವ ಹಾಲೋ ಬಾಡಿ ಗಿಟಾರನ್ನು ಕೊಳ್ಳುವಾಗ ಬೆರಳುಗಳು ಗಿಡ್ಡವಾಗಿರುವವರು ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ, ಸ್ಕೇಲ್ ಉದ್ದವನ್ನು. ಅಂದರೆ ನೆಕ್‌ನ (ಕತ್ತಿನ) ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಒಡಲಿನ ಮೇಲೆ ಅದನ್ನು ಹೊರುವ ಬ್ರಿಜ್‌ವರೆಗೆ ತಂತಿ ಕಂಪಿಸುವ ಅಳತೆಯನ್ನು. ಇದು 648 ಮಿಲಿಮೀಟರ್ ಬದಲು 628 ಇದ್ದರೆ ಮೊದಲ ಫ್ರೆಟ್‌ನ (ನೆಕ್‌ನ ಮೇಲಿನ ಲೋಹದ ಅಡ್ಡಪಟ್ಟಿಯ) ಮನೆಯ ಅಗಲ ಸುಮಾರು ಒಂದು ಮಿಲಿಮೀಟರ್ ಕಡಿಮೆಯಾಗುವುದಲ್ಲದೆ, ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ಬಿಗಿದಾಗ ಎಳೆತವೂ ತಗ್ಗುತ್ತದೆ. ಕಡಿಮೆ ಬೆಲೆಯವುಗಳ ಪೈಕಿ ಐಬನೆಜ್ ಆರ್ಟ್‌ಕೋರ್ ಮತ್ತು ಗ್ರೆಚ್ ಸ್ಟ್ರೀಮ್‌ಲೈನರ್ ಸಾಲಿನ ಗಿಟಾರುಗಳಲ್ಲಿ ಈ ಗಿಡ್ಡ ಸ್ಕೇಲ್ ದೊರೆಯುತ್ತದೆ.

ತುಮಕೂರಿನವರು ಚಿತ್ರ ನೋಡಿ ತರಿಸಿಕೊಳ್ಳುವ ಬದಲು, 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಒಮ್ಮೆ ಹೋಗಿ ನುಡಿಸಿ ನೋಡುವುದೇ ಮೇಲು, ಏಕೆಂದರೆ ನೆಕ್‌ನ ದಪ್ಪ ಅಂಗೈಗೆ ಮಾತ್ರ ತಿಳಿಯುತ್ತದೆ. ಕೈಹಿಡಿಯಿಲ್ಲದ ಕುರ್ಚಿಯಲ್ಲಿ ಕುಳಿತು, ಬಲಭುಜ ಮೇಲೇಳದೆ ತೋಳು ಒಡಲಿನ ಮೇಲೆ ಇಳಿಯುತ್ತದೆಯೇ ಎಂದು ಗಮನಿಸಿ; ಇಳಿಯದಿದ್ದರೆ ತೆಳು ಒಡಲಿನದನ್ನು ಕೇಳಿ. ಬಳಿಕ ಮೊದಲ ಫ್ರೆಟ್‌ನಲ್ಲಿ ಎಫ್ ಬಾರೆ (ತೋರುಬೆರಳಿನಿಂದ ಎಲ್ಲ ತಂತಿಗಳನ್ನೂ ಅಡ್ಡಲಾಗಿ ಒತ್ತುವ ಸ್ವರಮೇಳ) ಹಿಡಿದು ಒಂದೊಂದೇ ತಂತಿಯನ್ನು ಮೀಟಿ. ಮಣಿಕಟ್ಟು ನೊಂದರೆ ಆ ಗಿಟಾರ್ ಎಷ್ಟೇ ಚೆಂದವಿದ್ದರೂ ಬೇಡ.

ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯ ಎತ್ತರ ಎರಡು ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಹೆಚ್ಚಿದ್ದರೆ ಬ್ರಿಜ್ ಇಳಿಸಿಕೊಡಲು, ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳನ್ನು ಆಳ ಮಾಡಿಕೊಡಲು ಹೇಳಿ. ದುಬಾರಿ ಮಾದರಿಗೆ ಹಾಕುವ ಹಣಕ್ಕಿಂತ ಈ ಹೊಂದಾಣಿಕೆಗೆ ಕೊಡುವ ಹಣವೇ ಬೆರಳಿಗೆ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತರ ಗೇಜಿನ (ಅತಿ ತೆಳುವಾದ ತಂತಿ 0.010 ಇಂಚು ದಪ್ಪವಿರುವ) ತಂತಿಗಳಿಂದ ಆರಂಭಿಸಬಹುದು. ಕೆಲವು ಮಾದರಿಗಳಲ್ಲಿ ಬ್ರಿಜ್ ಅನ್ನು ಒಡಲಿಗೆ ಬಿಗಿದಿರುವುದಿಲ್ಲ, ತಂತಿಯ ಒತ್ತಡವೇ ಅದನ್ನು ಹಿಡಿದಿರುತ್ತದೆ. ಆದ್ದರಿಂದ ತಂತಿಗಳನ್ನು ಒಂದೊಂದಾಗಿಯೇ ಬದಲಿಸಿ.