ಎಂಗಡೀನ್ ಮಾದರಿ: ಕೆಲಸ ಹ್ಯಾಂಗರಿನಿಂದ ಶುರುವಾಗಲಿ

ಎಚ್‌ಎಂಎಸ್ ಎಂಗಡೀನ್ ಹಡಗಿನ ಮಾದರಿ ಕಟ್ಟುವವರು ಮರ ಮುಟ್ಟುವ ಮೊದಲು ಒಂದು ತಾರೀಖು ಗೊತ್ತುಮಾಡಿಕೊಳ್ಳಬೇಕು. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಡೆನ್ನಿ ಕಂಪನಿ 1911ರಲ್ಲಿ ನೀರಿಗಿಳಿಸಿದ ಈ ಹಡಗು ಫೋಕ್‌ಸ್ಟನ್–ಬೂಲೋನ್ ನಡುವೆ ಪ್ರಯಾಣಿಕರನ್ನು ಸಾಗಿಸುತ್ತಿತ್ತು. 1914ರ ಆಗಸ್ಟ್‌ನಲ್ಲಿ ಸೀಪ್ಲೇನ್ (ನೀರಿನ ಮೇಲಿಂದ ಹಾರುವ ವಿಮಾನ) ಹೊರಲು ಬ್ರಿಟಿಷ್ ನೌಕಾಪಡೆಗೆ ಸೇರಿದಾಗ ಅವುಗಳಿಗೆ ಸಿಕ್ಕಿದ್ದು ಕ್ಯಾನ್ವಾಸ್ ಮರೆ ಮಾತ್ರ. ಆ ಡಿಸೆಂಬರ್ 25ರಂದು ಜರ್ಮನಿಯ ಕುಕ್ಸ್‌ಹಾಫನ್ ಮೇಲಿನ ದಾಳಿಗೆ ಹೋದದ್ದು ಆ ರೂಪದಲ್ಲೇ. ಹಿಂಭಾಗದ ಗಟ್ಟಿ ಹ್ಯಾಂಗರ್ (ವಿಮಾನ ಇಡುವ ಕೋಣೆ), ಎರಡು ಕ್ರೇನ್ ಬಂದದ್ದು 1915ರ ಆರಂಭದಲ್ಲಿ, ಲಿವರ್‌ಪೂಲಿನಲ್ಲಿ. ಎರಡೂ ಕಾಲದ ಫೋಟೊ ಬೆರೆಸಿದರೆ ಎಂದೂ ಇಲ್ಲದ ಹಡಗು ತಯಾರಾಗುತ್ತದೆ. ಇಲ್ಲಿರುವುದು 1916ರ ಮೇ 31ರ, ಬ್ರಿಟಿಷ್–ಜರ್ಮನ್ ನೌಕಾಪಡೆಗಳ ಜಟ್ಲೆಂಡ್ ಕದನದ ದಿನದ ರೂಪ.

ಅಳತೆ 1:200 ಇಟ್ಟುಕೊಳ್ಳಿ. 98.5 ಮೀಟರ್ ಉದ್ದ 49 ಸೆಂ.ಮೀ. ಆಗುತ್ತದೆ, 12.5 ಮೀಟರ್ ಅಗಲ 62 ಮಿ.ಮೀ. ಹಡಗು ಹೊತ್ತಿದ್ದ ಶಾರ್ಟ್ 184 ಸೀಪ್ಲೇನಿನ ರೆಕ್ಕೆಯ ಹರವು ಇದೇ ಅಳತೆಗೆ 97 ಮಿ.ಮೀ., ಅಂದರೆ ಹಡಗಿಗಿಂತ ವಿಮಾನವೇ ಅಗಲ! ರೆಕ್ಕೆಯನ್ನು ಹಿಂದಕ್ಕೆ ಮಡಚಿದರೆ ಮಾತ್ರ ಒಳಗೆ ಹೋಗುತ್ತದೆ. ಹಾಗಾಗಿ ಮೊದಲು ಮಡಚಿದ ವಿಮಾನವನ್ನು ರಟ್ಟಿನಲ್ಲಿ ಕತ್ತರಿಸಿ (ಉದ್ದ 62 ಮಿ.ಮೀ.), ಅದಕ್ಕೆ ತಕ್ಕಂತೆ ಹ್ಯಾಂಗರ್ ಗುರುತು ಹಾಕಿ, ಆಮೇಲೆ ಡೆಕ್ ಕೆತ್ತಿ. ಡೆಕ್ ಮುಗಿಸಿ ಹ್ಯಾಂಗರ್ ಕೂರಿಸಲು ಹೋದವರು ಕ್ರೇನಿಗೆ ಜಾಗ ಸಾಲದೆ ಪರದಾಡುತ್ತಾರೆ.

ಒಡಲಿಗೆ ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಒಳ್ಳೆಯದು: ಎಳೆ ನಯ, ಉಳಿಗೆ ಸಿಡಿಯುವುದಿಲ್ಲ. 50 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಹಲಗೆಗಳನ್ನು ಒಂದರ ಮೇಲೊಂದು ಫೆವಿಕಾಲ್ ಹಚ್ಚಿ ಕ್ಲ್ಯಾಂಪ್ ಬಿಗಿದು 24 ಗಂಟೆ ಬಿಡಿ. ನೀರಿನ ಮಟ್ಟದಿಂದ ಮೇಲಿನ ಭಾಗ ಸಾಕು. ಮರ ಮಾತ್ರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಮಳೆಗಾಲದಲ್ಲಿ ಸರಿಯಾಗೇ ಕಂಡು, ಮಾರ್ಚ್–ಏಪ್ರಿಲ್‌ನ ಮೈಸೂರಿನ ಬಿಸಿಲಿಗೆ ಕುಗ್ಗಿ ಬೆಸುಗೆಗುಂಟ ಬಿರುಕು ಬಿಡುತ್ತದೆ. ಪುಟ್ಟಿ ಮೆತ್ತಿದರೂ ಮತ್ತೆ ತೆರೆದುಕೊಳ್ಳುತ್ತದೆ.

ಹ್ಯಾಂಗರ್ ಗೋಡೆಗೆ 0.5 ಮಿ.ಮೀ. ಪ್ಲಾಸ್ಟಿಕ್ ಶೀಟ್ ಹಾಕಿ, ಒಳಗೆ ಅಡ್ಡಪಟ್ಟಿ ಕೊಡಿ. ಇಲ್ಲದಿದ್ದರೆ ಗೋಡೆ ಒಳಕ್ಕೆ ಬಾಗುತ್ತದೆ. ಕ್ರೇನ್ ತೋಳು, ಪಟಸ್ತಂಭಕ್ಕೆ ಬಿದಿರ ಕಡ್ಡಿ.

ಹಗ್ಗ–ತಂತಿಯ ವಿಷಯದಲ್ಲಿ ನಮ್ಮ ಸೀಮೆಯವರು ಅದೃಷ್ಟವಂತರು. ರೀಲಿಂಗ್ ಘಟಕದ 20/22 ಡೆನಿಯರ್ (ಎಳೆಯ ಸೂಕ್ಷ್ಮತೆಯ ಅಳತೆ) ಕಚ್ಚಾ ರೇಷ್ಮೆ ಎಳೆ ಸುಮಾರು 0.05 ಮಿ.ಮೀ. ದಪ್ಪ, 1:200ರಲ್ಲಿ ಅದು 10 ಮಿ.ಮೀ. ತಂತಿಗೆ ಸರಿಸಮ. ಹೊಲಿಗೆ ದಾರ ಎಷ್ಟು ತೆಳುವಾದರೂ ಇಲ್ಲಿ ಹಗ್ಗದಂತೆ ದಪ್ಪ ಕಾಣುತ್ತದೆ. ಎಳೆಯನ್ನು ಬಹಳ ಬಿಗಿಯಬೇಡಿ, ಕಡ್ಡಿ ಬಾಗುತ್ತದೆ. ಬಣ್ಣ ಒಣಗಿದ ಮೇಲೆಯೇ ಕಟ್ಟಿ.

ಕೊನೆಗೆ ಸಮುದ್ರದ ತಳಹದಿ. ಜಟ್ಲೆಂಡ್ ಕದನದ ದಿನ ಪೈಲಟ್ ರಟ್‌ಲ್ಯಾಂಡ್ ಮತ್ತು ವೀಕ್ಷಕ ಟ್ರೆವಿನ್ ಹಾರಿಸಿದ ಶಾರ್ಟ್ 184ರ ಸಂಖ್ಯೆ 8359. ಅದನ್ನು ಕ್ರೇನಿನಿಂದ ನೀರಿಗಿಳಿಸುವುದನ್ನು ತೋರಿಸುವುದಾದರೆ ಹಡಗು ನಿಂತಿರಬೇಕು. ಆದ್ದರಿಂದ ಮುಂಮೂತಿಯಲ್ಲಿ ನೊರೆ, ಹಿಂದೆ ಬಿಳಿ ಜಾಡು ಬಳಿಯಬೇಡಿ. ಸಣ್ಣ ಅಲೆ ಸಾಕು. ಮರುದಿನದ ರೂಪ ಬೇಕೆನ್ನುವವರು ಕ್ರೇನ್ ತೋಳನ್ನು ಒಳಕ್ಕೆ ತಿರುಗಿಸಿ, ಹಿಂಬದಿಗೆ ಎಳೆಹಗ್ಗ ಕಟ್ಟಲಿ: ಜಖಂಗೊಂಡ ಕ್ರೂಸರ್ ವಾರಿಯರ್ ಅನ್ನು ರಾತ್ರಿಯಿಡೀ ಎಳೆದು, ಜೂನ್ 1ರ ಬೆಳಿಗ್ಗೆ ಅದರ ನಾವಿಕರನ್ನು ತನ್ನ ಮೇಲೆ ಹತ್ತಿಸಿಕೊಂಡದ್ದು ಇದೇ ಹಡಗು.